ನೆನೆದ ಅಕ್ಕಿ ವಾಪಸ್ ಹೋಗುವುದಿಲ್ಲ

ನಾನು ಗ್ರೈಂಡರ್. ಕಟ್ಟೆಯ ಮೇಲೆ ಕೂತು ಒಂದು ಹಿಡಿ ಚಟ್ನಿಗೆ ಊರೆಲ್ಲ ಕೇಳುವ ಹಾಗೆ ಕಿರುಚುವ ಮಿಕ್ಸಿ ಅಂದುಕೊಂಡೀರಿ ಮತ್ತೆ! ನೆಲದ ಮೇಲೆ ನಾಲ್ಕು ಕಾಲೂರಿ ನಿಂತು ಬಕೆಟ್‌ಗಟ್ಟಲೆ ಅಕ್ಕಿ ನುಣ್ಣಗೆ ಮಾಡುವ ದೊಡ್ಡ ಕಲ್ಲಿನ ಗ್ರೈಂಡರ್ ನಾನು. ಈಗ ತಿರುಗುವುದಿಲ್ಲ, ಆ ಮಾತು ಬೇರೆ. ಆದರೆ ಒಂದು ಕಾಲಕ್ಕೆ ಈ ಬೀದಿಯ ಅರ್ಧ ಮನೆಗಳ ಬೆಳಗಿನ ತಿಂಡಿ ನನ್ನ ಹೊಟ್ಟೆಯಿಂದಲೇ ಹೋಗುತ್ತಿತ್ತು.

ನಾನು ಹುಟ್ಟಿದ್ದು ಕೊಯಮತ್ತೂರಿನ ಕಡೆ. ಅದಕ್ಕೂ ಮುಂಚೆ ಬರೀ ಬಂಡೆ. ಬಂಡೆಯಾಗಿದ್ದಾಗ ಚಿಂತೆಯೂ ಇರಲಿಲ್ಲ, ಯಾರಿಗೂ ಉಪಯೋಗವೂ ಇರಲಿಲ್ಲ. ಯಾರೋ ಪುಣ್ಯಾತ್ಮರು ಉಳಿ ಹಿಡಿದು ಕುಟ್ಟಿ ಕುಟ್ಟಿ ನನಗೊಂದು ಹೊಟ್ಟೆ ತೋಡಿದರು, ಒಳಗೆ ಗುಂಡುಕಲ್ಲು ಕೂರಿಸಿದರು, ಹೊರಗೆ ಸ್ಟೀಲಿನ ಅಂಗಿ ತೊಡಿಸಿದರು, ಕೆಳಗೆ ಮೋಟಾರು, ಬೆಲ್ಟು. ಮೊದಲ ಸಲ ಕರೆಂಟು ಕೊಟ್ಟಾಗ ನಾನು ಗಾಬರಿಯಲ್ಲಿ ಗಡಗಡ ನಡುಗಿದೆ. ಅವರು ನಕ್ಕು ಒಂದು ಲೋಟ ನೀರು ಹಾಕಿದರು. ಆಮೇಲೆ ಸುಮ್ಮನಾದೆ.

ನನ್ನನ್ನು ಮೈಸೂರಿಗೆ ತಂದವರು ಅಡುಗೆ ಸುಬ್ಬಕೃಷ್ಣಯ್ಯನವರು. ಮದುವೆ, ಮುಂಜಿ, ನಾಮಕರಣ, ಯಾವ ಛತ್ರಕ್ಕೆ ಹೋದರೂ ನಾನು ಅವರ ಜೊತೆ. ನಾಲ್ಕು ಜನ ಹಿಡಿದು ಟೆಂಪೋಗೆ ಏರಿಸುವಾಗ ನನ್ನ ಭಾರಕ್ಕೆ ಎಲ್ಲರೂ ಬೈಯುತ್ತಿದ್ದರು. ಸುಬ್ಬಕೃಷ್ಣಯ್ಯನವರು ಮಾತ್ರ ಸ್ವಿಚ್ ಹಾಕುವ ಮುಂಚೆ ನನ್ನ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅವರದು ಎರಡು ಕಟ್ಟುನಿಟ್ಟು. ಉದ್ದನ್ನೂ ಅಕ್ಕಿಯನ್ನೂ ಒಟ್ಟಿಗೆ ರುಬ್ಬಕೂಡದು. ಬೇರೆ ಬೇರೆ ರುಬ್ಬಿ ಆಮೇಲೆ ಕಲೆಸಬೇಕು. ಇನ್ನೊಂದು, ನೆನೆಹಾಕಿದ ಅಕ್ಕಿ ಯಾರೇ ತರಲಿ, ವಾಪಸ್ ಕಳಿಸಕೂಡದು. ಅದನ್ನು ಮತ್ತೆ ಡಬ್ಬಕ್ಕೆ ಸುರಿಯೋಕಾಗಲ್ಲ, ನಾಳೆಗೆ ಇಡೋಕೂ ಆಗಲ್ಲ, ಕೆಟ್ಟು ಹೋಗುತ್ತೆ ಅನ್ನುತ್ತಿದ್ದರು.

ಈ ಮಾತನ್ನು ಅವರ ತಂಡದಲ್ಲಿ ಅಕ್ಕಿ ತೊಳೆಯುತ್ತಿದ್ದ ಜಯಶೀಲ ಚೆನ್ನಾಗಿ ಕಿವಿಗೆ ಹಾಕಿಕೊಂಡಿದ್ದಳು. ಮಂಡಿನೋವು ಬಂದು ಸುಬ್ಬಕೃಷ್ಣಯ್ಯನವರು ಕೆಲಸ ಬಿಟ್ಟಾಗ ಅವಳನ್ನೇ ಕರೆದರು. ಈ ಗ್ರೈಂಡರ್ ನೀನೇ ತಗೋ, ಕೈಯಲ್ಲಿ ಇದ್ದಷ್ಟು ಕೊಡು, ಬಾಕಿಗೆ ದಿನಾ ಒಂದು ಪಾತ್ರೆ ದೋಸೆಹಿಟ್ಟು ಕಳಿಸು ಅಂದರು. ಅವರು ಇರುವವರೆಗೂ ಆ ಪಾತ್ರೆ ಒಂದು ದಿನವೂ ತಪ್ಪಲಿಲ್ಲ. ಅಂಥವಳ ಮನೆ ಸೇರಿದ್ದು ನನ್ನ ಅದೃಷ್ಟ ಅಂತಲೇ ಇವತ್ತಿಗೂ ಹೇಳುತ್ತೇನೆ.

ಜಯಶೀಲಳ ಮನೆ ನೀರಿನ ಟ್ಯಾಂಕ್ ಬೀದಿಯಲ್ಲಿ. ಮುಂದಿನ ಹಜಾರದಲ್ಲಿ ನಾನು, ಒಳಗೆ ಒಂದು ಕೋಣೆ, ಅಷ್ಟೇ. ಅವಳು ಹಿಟ್ಟು ಮಾರುತ್ತಿದ್ದಳು, ಬೀದಿಯವರು ನೆನೆಸಿ ತಂದ ಅಕ್ಕಿಯನ್ನೂ ರುಬ್ಬಿಕೊಡುತ್ತಿದ್ದಳು. ಗಂಡ ನಂಜುಂಡ ಗೋಡೆಗೆ ಬಣ್ಣ ಹೊಡೆಯುವವನು, ಬೋರ್ಡು ಬರೆಯುವುದರಲ್ಲೂ ಒಳ್ಳೆಯ ಕೈ. ಒಂದು ದಿನ ಸಾರುವೆ ಮುರಿದು ಮಹಡಿಯಿಂದ ಬಿದ್ದ. ಸೊಂಟಕ್ಕೆ ಆಪರೇಷನ್ ಆಯಿತು. ಬದುಕಿದನಲ್ಲ, ಅದು ದೊಡ್ಡದು. ಆದರೆ ಮನೆಗೆ ಸಾಲಗಳು ಸಾಲುಗಟ್ಟಿ ಬಂದವು. ಒಂದು ಸಂಘದ್ದು, ಒಂದು ಫೈನಾನ್ಸಿನದು, ಒಂದು ಓಲೆ ಅಡ ಇಟ್ಟಿದ್ದು, ಒಂದು ಕೈಸಾಲ. ವಾರದಲ್ಲಿ ಒಂದಲ್ಲ ಒಂದು ದಿನ ಯಾರಿಗಾದರೂ ಕಟ್ಟಬೇಕು. ಜಯಶೀಲ ಯಾವುದನ್ನೂ ತಪ್ಪಿಸಲಿಲ್ಲ, ಆದರೆ ಸುಸ್ತಾಗಿದ್ದಳು. ಉದ್ದಿಗೆ ನೀರು ಚಿಮುಕಿಸುತ್ತಾ ನಿಂತಲ್ಲೇ ತೂಕಡಿಸುತ್ತಿದ್ದಳು. ನಾನು ತಿರುಗುವ ಸದ್ದೇ ಅವಳಿಗೆ ಜೋಗುಳ.

ಅವರ ಸಂಘದ ಮೀಟಿಂಗು ಪ್ರತಿ ಮಂಗಳವಾರ ನನ್ನ ಎದುರಿಗೇ. ಏಳು ಜನ ಹೆಂಗಸರು. ಊದುಬತ್ತಿ ಹೊಸೆಯುವ ಶಂಶಾದ್, ಹೂವು ಕಟ್ಟುವ ಮಾದೇವಮ್ಮ, ಇನ್ನೂ ನಾಲ್ವರು, ಲೀಡರ್ ಜಯಶೀಲ. ಶುರುವಾಗುವ ಮುಂಚೆ ಎಲ್ಲರೂ ಎದ್ದು ಕೈ ಮುಂದೆ ಚಾಚಿ ಪ್ರತಿಜ್ಞೆ ಹೇಳಬೇಕು. ಒಬ್ಬರ ಕಂತು ತಪ್ಪಿದರೆ ಉಳಿದವರೆಲ್ಲ ಸೇರಿ ಕಟ್ಟುತ್ತೇವೆ, ಒಬ್ಬರ ಕಷ್ಟ ಎಲ್ಲರ ಕಷ್ಟ ಅಂತ. ಬೇರೆಯವರು ಸ್ಕೂಲು ಮಕ್ಕಳ ಹಾಗೆ ಗುಣುಗುಣು ಅಂದು ಮುಗಿಸುತ್ತಿದ್ದರು. ಜಯಶೀಲ ಮಾತ್ರ ಒಂದೊಂದು ಮಾತನ್ನೂ ದೇವರ ಮುಂದೆ ನಿಂತವಳ ಹಾಗೆ ಹೇಳುತ್ತಿದ್ದಳು. ಶಂಶಾದ್ ಅದಕ್ಕೆ ಅವಳನ್ನು ಗೋಳು ಹುಯ್ದುಕೊಳ್ಳುತ್ತಿದ್ದಳು.

ಇಂಥ ಹೊತ್ತಿನಲ್ಲೇ ಹರ್ಷಿತ್ ಬಂದ. ಇಸ್ತ್ರಿ ಶರ್ಟು, ಕುತ್ತಿಗೆಗೆ ಗುರುತಿನ ಕಾರ್ಡು, ಬಾಯಿ ಬಿಟ್ಟರೆ ಬೆಲ್ಲ. ಮೊದಲು ಹಿಟ್ಟು ಕೊಳ್ಳುವ ಗಿರಾಕಿಯಾಗಿ ಬಂದ. ಆಮೇಲೆ ಜಗಲಿಯಲ್ಲಿ ಕೂತು ದೋಸೆ ತಿಂದ. ನಂಜುಂಡನ ಸೊಂಟ ವಿಚಾರಿಸಿದ. ಒಂದು ದಿನ ಸಾಲದ ವಿಚಾರ ತೆಗೆದ. ನಮ್ಮ ಕಂಪನಿ ನಿಮ್ಮ ಸಾಲಗಳನ್ನೆಲ್ಲ ಒಂದು ಮಾಡುತ್ತೆ, ನೀವು ತಿಂಗಳಿಗೊಮ್ಮೆ ನಮಗೆ ಕಟ್ಟಿದರೆ ಸಾಕು, ಅವರ ಜೊತೆ ನಾವು ಮಾತಾಡಿ ಅರ್ಧಕ್ಕೆ ಇಳಿಸ್ತೀವಿ ಅಂದ.

"ಅಕ್ಕಾ, ನೀವು ಉದ್ದು, ಅಕ್ಕಿ, ಮೆಂತ್ಯ ಎಲ್ಲ ಸೇರಿಸಿ ಒಂದೇ ಹಿಟ್ಟು ಮಾಡಲ್ವಾ? ಇದೂ ಹಂಗೇನೇ. ಇವತ್ತಿಂದ ಯಾರಿಗೂ ಕಂತು ಕಟ್ಟಬೇಡಿ, ಫೋನ್ ಬಂದ್ರೆ ಎತ್ತಬೇಡಿ. ಮಿಕ್ಕಿದ್ದು ನಮಗೆ ಬಿಡಿ."

ನನಗೆ ಬಾಯಿ ಇದ್ದಿದ್ದರೆ ಕೇಳುತ್ತಿದ್ದೆ, ಕಲೆಸಿಟ್ಟ ಹಿಟ್ಟು ಬೆಳಗಾಗುವ ಹೊತ್ತಿಗೆ ಎರಡರಷ್ಟು ಉಕ್ಕುತ್ತೆ, ಗೊತ್ತೇನಪ್ಪಾ ಅಂತ. ನನ್ನ ಹೊಟ್ಟೆ ಮಾತ್ರ ದೊಡ್ಡದು, ಬಾಯಿ ಇಲ್ಲ. ಜಯಶೀಲ ಮುಂಗಡ ಅಂತ ಸರ್ವಿಸ್ ಚಾರ್ಜು ಕೊಟ್ಟಳು. ಅವನು ಮೂಗಿಗೆ ತುಪ್ಪ ಸವರಿ ಹೋದ.

ಅವಳೊಬ್ಬಳೇ ಸೇರಿದ್ದರೆ ಕಥೆ ಇಷ್ಟು ದೂರ ಬರುತ್ತಿರಲಿಲ್ಲ. ಅವಳ ತಲೆಯಲ್ಲಿ ಪ್ರತಿಜ್ಞೆ ಕೂತುಬಿಟ್ಟಿತ್ತು. ಕಷ್ಟ ಹಂಚಿಕೊಳ್ಳುತ್ತೇವೆ ಅಂತ ಕೈ ಚಾಚಿ ಹೇಳಿದ ಮೇಲೆ, ಬಿಡುಗಡೆ ಸಿಕ್ಕಾಗ ಒಬ್ಬಳೇ ಜಾರಿಕೊಳ್ಳುವುದು ಯಾವ ನ್ಯಾಯ ಅಂದುಕೊಂಡಳು. ಮುಂದಿನ ಮಂಗಳವಾರ ತಾನೇ ಮುಂದೆ ನಿಂತು ಆರೂ ಜನರನ್ನು ಹರ್ಷಿತನ ಆಫೀಸಿಗೆ ಕರೆದುಕೊಂಡು ಹೋದಳು. ಶಂಶಾದ್ ಮೊದಲು ಬೇಡ ಅಂದಿದ್ದಳು. ಜಯಶೀಲ ಅವಳ ಕೈ ಹಿಡಿದು ಎಬ್ಬಿಸಿದ್ದನ್ನು ನಾನೇ ನೋಡಿದ್ದೇನೆ.

ಆಮೇಲೆ ಮೀಟಿಂಗು ನಿಂತಿತು. ಕಂತೂ ನಿಂತಿತು. ಫೋನು ಮಾತ್ರ ನಿಲ್ಲಲಿಲ್ಲ. ಜಯಶೀಲ ಅದನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟಳು. ಅಕ್ಕಿಯೊಳಗೆ ಅದು ಗುರ್ ಅಂದಾಗಲೆಲ್ಲ ನಂಜುಂಡ ಕೂತಲ್ಲೇ ಬೆಚ್ಚುತ್ತಿದ್ದ. ಕೆಲವು ತಿಂಗಳಾದ ಮೇಲೆ ಸಂಘಕ್ಕೆ ಸಾಲ ಕೊಟ್ಟ ಸಾಹೇಬರು ಬಾಗಿಲಿಗೇ ಬಂದರು. ಬಡ್ಡಿಯ ಮೇಲೆ ದಂಡ, ದಂಡದ ಮೇಲೆ ಬಡ್ಡಿ ಏರಿದೆ ಅಂದರು. ನಮ್ಮ ಕಡೆಯಿಂದ ಕಂಪನಿಯವರು ನಿಮ್ಮ ಜೊತೆ ಮಾತಾಡಿರಬೇಕಲ್ಲ ಸಾರ್ ಅಂತ ಜಯಶೀಲ ಕೇಳಿದಳು. ಅಂಥ ಕಂಪನಿಯ ಹೆಸರನ್ನೇ ನಾವು ಕೇಳಿಲ್ಲಮ್ಮ ಅಂದರು. ಅವಳು ಚಪ್ಪಲಿ ಹಾಕುವುದನ್ನೂ ಮರೆತು ಆಫೀಸಿಗೆ ಓಡಿದಳು. ಬಾಗಿಲಿಗೆ ಬೀಗ, ಮೇಲೆ ಬಾಡಿಗೆಗಿದೆ ಅನ್ನೋ ಚೀಟಿ.

ಸುದ್ದಿ ಬೀದಿಗೆ ಬೀಳಲು ಎಷ್ಟು ಹೊತ್ತು ಬೇಕು? ಮಾದೇವಮ್ಮ ಹೂವಿನ ಬುಟ್ಟಿ ಇಳಿಸಿ ಅತ್ತಳು. ಮಗಳ ಮದುವೆಗೆ ಇಟ್ಟುಕೊಂಡಿದ್ದನ್ನು ಕೊಟ್ಟಿದ್ದಳಂತೆ. ಶಂಶಾದ್ ಅಳಲಿಲ್ಲ. ಕೋತಿ ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿತು ಅಂತ ನಮ್ಮ ಬಾಗಿಲ ಮುಂದೆಯೇ ಹೇಳಿ ಹೋದಳು. ಅವತ್ತಿನಿಂದ ಬೀದಿಯವರು ರುಬ್ಬಿಸಲು ಅಕ್ಕಿ ತರುವುದನ್ನೂ ಬಿಟ್ಟರು. ನನ್ನ ಹೊಟ್ಟೆ ಒಣಗಿತು. ಯಾರೂ ಬೈಯದ, ಯಾರೂ ಕರೆಯದ ಆ ದಿನಗಳಷ್ಟು ಬೇಸರ ನಾನು ಬಂಡೆಯಾಗಿದ್ದಾಗಲೂ ಪಟ್ಟಿರಲಿಲ್ಲ.

ಕೊನೆಗೆ ಜಯಶೀಲ ನನ್ನನ್ನು ಮಾರಲು ನಿಂತಳು. ಬಂದಿದ್ದನ್ನು ಆರು ಜನರಿಗೆ ಹಂಚಿ ಋಣ ತೀರಿಸುತ್ತೇನೆ, ಆಮೇಲೆ ಯಾರ ಮನೆಯಲ್ಲಾದರೂ ಮುಸುರೆ ತಿಕ್ಕುತ್ತೇನೆ ಅಂದಳು. ನಂಜುಂಡ ಏನು ಹೇಳಿದರೂ ಕೇಳಲಿಲ್ಲ. ಹಳೇ ಸಾಮಾನಿನ ವ್ಯಾಪಾರಿ ಬಂದು ನನ್ನ ಮೈ ತಟ್ಟಿ, ಬೆಲ್ಟು ಎಳೆದು ನೋಡಿ, ಮಂಗಳವಾರ ಬೆಳಿಗ್ಗೆ ಟೆಂಪೋ ತರುತ್ತೇನೆ ಅಂತ ಹೋದ. ಸೋಮವಾರ ನಂಜುಂಡ ಕುಂಟುತ್ತಾ ಹೂವು ತರಲು ಹೋದವನು ಮಾದೇವಮ್ಮನ ಹತ್ತಿರ ಬಾಯಿಬಿಟ್ಟ. ಆ ಬಾಯಿಗೆ ಸಕ್ಕರೆ ಹಾಕಬೇಕು.

ಮಂಗಳವಾರ ಟೆಂಪೋ ಬಂತು. ಜಯಶೀಲ ನನ್ನನ್ನು ಒರೆಸಿ, ಅರಿಶಿನ ಕುಂಕುಮ ಇಟ್ಟು, ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ವ್ಯಾಪಾರಿಯ ಆಳುಗಳು ಹಗ್ಗ ಹಾಕಲು ಬಗ್ಗಿದರು. ಅಷ್ಟರಲ್ಲಿ ಬಾಗಿಲಲ್ಲಿ ಶಂಶಾದ್ ನಿಂತಿದ್ದಳು. ಸೊಂಟದ ಮೇಲೆ ಒಂದು ಪಾತ್ರೆ. ಸೀದಾ ಒಳಗೆ ಬಂದು ನನ್ನ ಮುಂದೆ ಇಟ್ಟಳು. ಪಾತ್ರೆ ತುಂಬ ನೆನೆದ ಅಕ್ಕಿ.

"ರುಬ್ಬಿಕೊಡು."

"ಶಂಶಾದಕ್ಕಾ, ಗಾಡಿ ಬಂದು ನಿಂತಿದೆ. ನಿಮ್ಮ ದುಡ್ಡು ವಾಪಸ್ ಕೊಡೋಕೆ ನನಗೆ ಬೇರೆ ದಾರಿ ಇಲ್ಲ."

"ನೆನೆಸಿಬಿಟ್ಟಿದೀನಿ. ವಾಪಸ್ ತಗೊಂಡು ಹೋಗಲ್ಲ."

ಅವಳ ಹಿಂದೆ ಮಾದೇವಮ್ಮ ಇನ್ನೊಂದು ಪಾತ್ರೆ ಹಿಡಿದು ಬಂದಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. ಬಕೆಟ್ಟು, ಬೋಸಿ, ಒಬ್ಬಳದು ಕುಕ್ಕರಿನ ಪಾತ್ರೆ. ನನ್ನ ಸುತ್ತ ಕಾಲಿಡಲು ಜಾಗವಿರಲಿಲ್ಲ. ಜಯಶೀಲ ನೋಡುತ್ತಾ ನಿಂತಳು. ಸುಬ್ಬಕೃಷ್ಣಯ್ಯನವರ ಮಾತು ಮೀರಲು ಅವಳ ಕೈಲಾಗುವುದಿಲ್ಲ ಅಂತ ಈ ಬೀದಿಯ ಹೆಂಗಸರಿಗೆಲ್ಲ ಗೊತ್ತು. ಶಂಶಾದ್ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದನ್ನ ಮಾರಿದ್ರೆ ನಮಗೆ ಒಂದು ಸಲ ಬರುತ್ತೆ. ತಿರುಗ್ತಾ ಇದ್ರೆ ದಿನಾ ಬರುತ್ತೆ. ಕೈ ಹಿಡಿದು ಕರ್ಕೊಂಡು ಹೋದವಳು ನೀನೇ ತಾನೆ? ಈಗ ಕೈ ಹಿಡಿದು ವಾಪಸ್ ಕರ್ಕೊಂಡು ಬಾ."

ಜಯಶೀಲ ಅವಳ ಭುಜಕ್ಕೆ ಮುಖ ಇಟ್ಟು ಅತ್ತಳು. ನನ್ನ ಎದುರಿಗೆ ಅವಳು ಅತ್ತದ್ದು ಅದೇ ಮೊದಲು. ನಂಜುಂಡ ಸ್ವಿಚ್ ಹಾಕಿದ. ಅಯ್ಯೋ, ಆ ಮೊದಲ ಹಿಡಿ ಅಕ್ಕಿ ನನ್ನ ಹೊಟ್ಟೆಗೆ ಬಿದ್ದಾಗ ನನಗಾದ ಸಂತೋಷ! ವ್ಯಾಪಾರಿ ಜಗಲಿಯಲ್ಲಿ ಕೂತು ಒಂದು ಬೀಡಿ ಸೇದಿದ, ಇನ್ನೊಂದು ಸೇದಿದ, ಪಾತ್ರೆಗಳ ಸಾಲು ನೋಡಿ ಇದು ಇವತ್ತು ಮುಗಿಯೋ ಬಾಬತ್ತಲ್ಲ ಅಂತ ಎದ್ದು ಹೋದ. ಪಾಪ, ಒಳ್ಳೆಯ ಮನುಷ್ಯ. ಹೋಗುವಾಗ ಹಿಟ್ಟು ಕೊಂಡುಕೊಂಡ.

ಹಿಟ್ಟು ಕಲೆಸುತ್ತಾ ಅವರು ಮುಂದಿನ ಮಾತು ಆಡಿದರು. ನಂಜುಂಡನಿಗೆ ಒಂದು ನೆನಪು ಬಂತು. ಕೋರ್ಟಿನ ಹತ್ತಿರ ಒಂದು ಬಾಗಿಲ ಮೇಲೆ ಉಚಿತ ಕಾನೂನು ನೆರವು ಅಂತ ಬೋರ್ಡು ಬರೆದಿದ್ದನಂತೆ, ತನ್ನ ಕೈಯಾರೆ, ಬಿಳಿ ಮೇಲೆ ನೀಲಿ ಅಕ್ಷರ. ಬರೆದು ಕೂಲಿ ಈಸಿಕೊಂಡು ಬಂದವನು ಆ ಬಾಗಿಲು ತನಗೂ ತೆರೆದಿದೆ ಅಂತ ಯೋಚಿಸಿಯೇ ಇರಲಿಲ್ಲ. ಏಳೂ ಜನ ಹೋದರು. ಅಲ್ಲಿನ ವಕೀಲೆ ಒಬ್ಬರು ಹರ್ಷಿತನ ಮೇಲೆ ದೂರು ಬರೆಸಿದರು, ಸಾಲ ಕೊಟ್ಟವರನ್ನೂ ಕರೆಸಿ ಬೆಂಚಿನ ಮೇಲೆ ಎದುರುಬದುರು ಕೂರಿಸಿದರು. ಸಾಲ ಕೊಟ್ಟವರು ದಂಡದಲ್ಲಿ ಬಹುಪಾಲು ಬಿಟ್ಟರು, ಕಂತನ್ನು ಸಣ್ಣದು ಮಾಡಿದರು. ಯಾವುದಕ್ಕೆ ಹರ್ಷಿತ್ ಅಷ್ಟು ಕಿತ್ತಿದ್ದನೋ ಅದು ಅಲ್ಲಿ ಪುಕ್ಕಟೆ ಆಯಿತು. ಅವನು ಕಿತ್ತಿದ್ದು ಮಾತ್ರ ಇನ್ನೂ ಬಂದಿಲ್ಲ. ಕೇಸು ನಡೀತಾ ಇದೆ. ಮಾದೇವಮ್ಮನ ಮಗಳ ಮದುವೆ ತಡವಾಗಿ ಆಯಿತು. ಮದುವೆಯ ಇಡ್ಲಿಗೆ ರುಬ್ಬಿದ್ದು ನಾನೇ, ಕೂಲಿ ಇಲ್ಲದೆ.

ಆಮೇಲೆ ಏಳು ಮನೆಯವರೂ ಸರದಿ ಮೇಲೆ ಬಂದು ರುಬ್ಬಿದರು, ಪ್ಯಾಕು ಮಾಡಿದರು, ಮಾರಿದರು. ಬಂದದ್ದರಲ್ಲಿ ಮೊದಲು ಕಂತು, ಆಮೇಲೆ ಮನೆ. ಸುಲಭವಾಗೇನೂ ಇರಲಿಲ್ಲ, ವರ್ಷಗಳು ಹಿಡಿದವು. ನನ್ನ ಮೈ ಸವೆಯಿತು, ಎಷ್ಟು ಸಲ ಉಳಿಯಿಂದ ಕುಟ್ಟಿಸಿದರೂ ಮತ್ತೆ ನುಣ್ಣಗಾಯಿತು. ಕೊನೆಯ ಸಾಲ ತೀರಿದ ಮೇಲೆಯೇ ನನ್ನ ಮೋಟಾರು ಸುಟ್ಟಿತು. ಅದಕ್ಕೂ ಸ್ವಲ್ಪ ನಿಯತ್ತಿತ್ತು ಅನ್ನಿ.

ಈಗ ನನ್ನ ಜಾಗದಲ್ಲಿ ಹೊಸ ಗ್ರೈಂಡರ್ ಇದೆ. ಒಳ್ಳೆಯದೇ, ಸ್ವಲ್ಪ ಜಂಬ. ನನ್ನನ್ನು ಗುಜರಿಗೆ ಹಾಕೋಣವಾ ಅಂತ ನಂಜುಂಡ ಒಮ್ಮೆ ಕೇಳಿದ್ದ. ಶಂಶಾದ್ ನೋಡಿದ ನೋಟಕ್ಕೆ ಆ ಮಾತು ಮತ್ತೆ ಎತ್ತಲಿಲ್ಲ. ನಾನು ಹಜಾರದ ಮೂಲೆಯಲ್ಲಿ ಕಿಟಕಿಯ ಕೆಳಗೆ ಕೂತಿದ್ದೇನೆ. ಉಳಿ ಹಿಡಿದವರನ್ನು, ಕಣ್ಣಿಗೊತ್ತಿಕೊಂಡವರನ್ನು, ಪಾತ್ರೆ ಹೊತ್ತು ಬಂದವರನ್ನು ನೆನೆಯುವುದೇ ನನ್ನ ಕೆಲಸ. ಎಷ್ಟು ಜನರ ಋಣ ನನ್ನ ಮೇಲಿದೆ! ಅದನ್ನು ತೀರಿಸುವ ಆಸೆಯೂ ನನಗಿಲ್ಲ.

ಆ ಮಂಗಳವಾರದಿಂದ ಬೀದಿಯಲ್ಲಿ ಒಂದು ಪದ್ಧತಿ ನಿಂತಿದೆ. ಯಾರಿಗಾದರೂ ಹೇಳಿಕೊಳ್ಳಲಾಗದ ಕಷ್ಟ ಬಂದರೆ, ಒಂದು ಪಾತ್ರೆ ನೆನೆದ ಅಕ್ಕಿ ತಂದು ನನ್ನ ಮುಂದೆ ಇಡುತ್ತಾರೆ. ಹೊಸ ಗ್ರೈಂಡರಿನ ಮುಂದಲ್ಲ, ನನ್ನ ಮುಂದೆ. ಅದನ್ನು ನೋಡಿದರೆ ಜಯಶೀಲ ಉಳಿದವರಿಗೆ ಹೇಳಿಕಳಿಸುತ್ತಾಳೆ.

ಇವತ್ತು ಬೆಳಿಗ್ಗೆ ಕೊನೆಯ ಮನೆಯ ಸೊಸೆ ಬಂದಳು. ಬೀದಿಗೆ ಹೊಸಬಳು, ಹೆಸರು ಇನ್ನೂ ನನ್ನ ಕಿವಿಗೆ ಬಿದ್ದಿಲ್ಲ. ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ ಪಾತ್ರೆ ನನ್ನ ಮುಂದೆ ಇಟ್ಟಳು. ಇನ್ನೊಂದು ಕೈಯಲ್ಲಿ ಹೊಳೆಯುವ ಒಂದು ಕಾರ್ಡನ್ನು ಮುದುರಿ ಹಿಡಿದಿದ್ದಳು. ಎಲ್ಲ ಸಾಲಕ್ಕೂ ಒಂದೇ ಕಂತು ಅಂದಿದಾರಕ್ಕಾ, ನಾಳೆ ದುಡ್ಡು ಕೊಡಬೇಕಂತೆ ಅಂದಳು.

ಜಯಶೀಲ ಬೈಯಲಿಲ್ಲ, ನಗಲೂ ಇಲ್ಲ. ಅವಳ ಕೈಯಿಂದ ಕಾರ್ಡು ತೆಗೆದು ನನ್ನ ಹೊಟ್ಟೆಯೊಳಗೆ ಹಾಕಿದಳು. ಪಾತ್ರೆಯನ್ನು ಎತ್ತಿ ಹೊಸ ಗ್ರೈಂಡರಿಗೆ ಸುರಿದಳು.

"ಕೂತ್ಕೊಳಮ್ಮ," ಅಂದಳು. "ಇದು ನುಣ್ಣಗಾಗೋ ಹೊತ್ತಿಗೆ ಶಂಶಾದಕ್ಕ ಬರ್ತಾರೆ. ಕೋತಿ ಕಥೆ ಅವರ ಬಾಯಲ್ಲೇ ಕೇಳಬೇಕು."