ನರಸಿಂಹಯ್ಯ ಕೈ ಹಾಕಿದ ಗಾಡಿ

ಊದಿನಕಡ್ಡಿಯ ಹೊಗೆ ನೆಟ್ಟಗೆ ಬಂದು ಶರಣಮ್ಮನ ಕಣ್ಣಿಗೇ ಬಡಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಅವಳು ಒಂದು ಹೆಜ್ಜೆ ಬದಿಗೆ ಸರಿದು ನೋಡಿದಳು. ಪಿಕಪ್ಪಿನ ಮುಂದಿನ ಜಾಲರಿಗೆ ಸಿಕ್ಕಿಸಿದ್ದ ಕಡ್ಡಿಗಳ ಹೊಗೆ ಒಂದೆಳೆಯಾದರೂ ಒಳಗೆ ಹೋಗುತ್ತಿರಲಿಲ್ಲ. ಜಾಲರಿಯ ಹಿಂದೆ ಹೊಸದಾಗಿ ಕೂರಿಸಿದ ಎರಡು ಕರೆಂಟು ಫ್ಯಾನುಗಳು ಗುಂಯ್ಯೆಂದು ತಿರುಗುತ್ತ ಅಷ್ಟನ್ನೂ ಹೊರಕ್ಕೆ ನೂಕುತ್ತಿದ್ದವು. ನಾಗಸಂದ್ರದ ನರಸಿಂಹಯ್ಯನ ಗ್ಯಾರೇಜಿನಲ್ಲಿ ಯಾವ ಕೆಲಸ ಮುಗಿದರೂ ಗಾಡಿಗೆ ಪೂಜೆ ಆಗಲೇಬೇಕು, ಚಕ್ರದ ಕೆಳಗೆ ನಿಂಬೆಹಣ್ಣು ಚಪ್ಪಟೆಯಾಗಲೇಬೇಕು. ಗಾಡಿಯ ಒಡತಿ ಎಂಬ ಮರ್ಯಾದೆಗೆ ಶರಣಮ್ಮನನ್ನು ಅಂದು ಎದುರಿಗೆ ನಿಲ್ಲಿಸಿದ್ದರು. ಅವಳಿಗೆ ಆ ಗ್ಯಾರೇಜಿನಲ್ಲಿ ಸಿಕ್ಕ ಮರ್ಯಾದೆ ಅಷ್ಟೇ.

"ಗಾಳಿ ಒಳಗ ಹೋಗವಲ್ದಲ್ರೀ," ಎಂದಳು. "ರೇಡಿಯೇಟರ್ ತಣ್ಣಗ ಮಾಡಬೇಕಾದ ಗಾಳಿ ನನ್ನ ಮಾರಿಗೆ ಬರಾಕತ್ತೈತಿ."

ಕೇಳಿದವಳು ಅವಳು, ನರಸಿಂಹಯ್ಯ ಉತ್ತರ ಕೊಟ್ಟದ್ದು ಪಕ್ಕದಲ್ಲಿ ನಿಂತಿದ್ದ ಅವಳ ಮೈದುನ ಸಂಗಮೇಶನಿಗೆ. "ಹೊಗೆ ಮುಖಕ್ಕೆ ಬಂತು ಅಂದ್ರೆ ದೇವ್ರು ಒಪ್ಕೊಂಡ ಅಂತ ಕಣಪ್ಪಾ. ನಿಮ್ಮತ್ತಿಗೆ ಕೈ ಮುಗಿಯೋದು ಬಿಟ್ಟು ತಕರಾರು ತೆಗೀತಾವ್ರಲ್ಲ."

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಸಂಗಮೇಶನೂ ನಕ್ಕು, ಎರಡೂ ಕೈಯಿಂದ ಹೊಗೆಯನ್ನು ಬಾಚಿ ಕಣ್ಣಿಗೊತ್ತಿಕೊಂಡ. ದೇವರ ಹೆಸರು ಬಂದ ಮೇಲೆ ಶರಣಮ್ಮ ಮತ್ತೆ ಬಾಯಿ ತೆರೆಯಲಿಲ್ಲ. ಹುಟ್ಟಿದಾಗಿನಿಂದ ಒಲೆಯ ಮುಂದೆ ಕುಳಿತವಳಿಗೆ ಹೊಗೆ ಮುಖಕ್ಕೆ ಬಂದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು ತಿಳಿಯದೇ ಇರುತ್ತದೆಯೇ?

ಪೀಣ್ಯದ ಒಂದು ಕಾರ್ಖಾನೆಗೆ ಮಧ್ಯಾಹ್ನದ ಊಟ ಒಯ್ಯುವ ಗಾಡಿ ಅದು. ಅಲ್ಲಿ ಕೆಲಸಕ್ಕಿದ್ದವರಲ್ಲಿ ಅರ್ಧಕ್ಕರ್ಧ ಗದಗ, ರಾಯಚೂರು ಕಡೆಯವರು. ಅನ್ನ ಸಾರು ತಿಂದು ಸಾಕಾಗಿ ಜೋಳದ ರೊಟ್ಟಿ ಬೇಕೆಂದು ಕೂತಿದ್ದರು. ರೋಣದ ಕಡೆಯ ಶರಣಮ್ಮ ಮಾಕಳಿಯ ಬಾಡಿಗೆ ಶೆಡ್ಡಿನಲ್ಲಿ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ರೊಟ್ಟಿ ಬಡಿಯತೊಡಗಿದಳು. ಗಂಡ ವೀರೇಶ ಲೇತ್ ಕೆಲಸಕ್ಕೆ ಹೋಗುವವ, ಈ ಕಡೆ ತಲೆ ಹಾಕುತ್ತಿರಲಿಲ್ಲ. ಸಂಗಮೇಶ ಗಾಡಿ ಓಡಿಸುತ್ತಿದ್ದ. ಸ್ಟೇರಿಂಗ್ ಹಿಡಿದವನೇ ಓನರು ಎಂದು ಊರೆಲ್ಲ ತಿಳಿದಿತ್ತು. ಅವನೂ ಯಾರ ತಪ್ಪನ್ನೂ ತಿದ್ದಲು ಹೋಗಿರಲಿಲ್ಲ.

ತುಮಕೂರು ರಸ್ತೆಯ ಲಾರಿಗಳ ಸಾಲಿನಲ್ಲಿ ಗಾಡಿ ತೆವಳಿದರೆ ಎಂಜಿನ್ ನಿಧಾನ, ಎಂಜಿನ್ನಿನ ಬೆಲ್ಟಿಗೆ ಕಟ್ಟಿದ ಫ್ಯಾನೂ ನಿಧಾನ. ರೇಡಿಯೇಟರ್ ಕುದಿದು ಊಟ ಎರಡು ಬಾರಿ ತಡವಾಯಿತು. ಇನ್ನೊಂದು ಸಲ ಊಟದ ಸೈರನ್ ಆದ ಮೇಲೆ ಬಂದರೆ ಮಾರನೆಯ ದಿನದಿಂದ ಬರುವುದೇ ಬೇಡ ಎಂದು ಕ್ಯಾಂಟೀನಿನ ಉಸ್ತುವಾರಿ ನಲ್ಲಪ್ಪ ಕಡ್ಡಿ ಮುರಿದಂತೆ ಹೇಳಿದ್ದ, ಅದನ್ನೂ ಸಂಗಮೇಶನಿಗೇ. ಅದಕ್ಕೇ ನರಸಿಂಹಯ್ಯನ ಬಳಿ ಹೋದದ್ದು. ಅವನು ಹಳೆಯ ಫ್ಯಾನು ಕಿತ್ತು ಹಾಕಿ, ಗುಜರಿಗೆ ಬಂದ ಕಾರುಗಳ ಕರೆಂಟು ಫ್ಯಾನುಗಳನ್ನು ತಂದು ಕೂರಿಸಿದ. ಎಂಜಿನ್ ಹೇಗೇ ಓಡಲಿ, ಇವು ತಮ್ಮ ಪಾಡಿಗೆ ಜೋರಾಗಿ ತಿರುಗುತ್ತವೆ ಎಂದ. ತಿರುಗಿದವು, ಇಲ್ಲವೆನ್ನುವಂತಿಲ್ಲ.

ಮಾರನೆಯ ದಿನ ಎಂಟನೇ ಮೈಲಿಯ ಸ್ಟಾಪು ತಲುಪುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಆವಿ ಎದ್ದಿತು. ಸಂಗಮೇಶ ಗಾಡಿಯನ್ನು ಬದಿಗೆ ಹಾಕಿದ. ಹಿಂದೆ ರೊಟ್ಟಿಯ ಬುಟ್ಟಿ, ಎಣ್ಣೆಗಾಯಿಯ ಡಬರಿ, ಸಾರಿನ ಹಂಡೆ. ಅಂದು ತಾನೂ ಬರುತ್ತೇನೆಂದು ಹಟ ಹಿಡಿದು ಕ್ಯಾಬಿನ್ನಿನಲ್ಲಿ ಕುಳಿತಿದ್ದ ಶರಣಮ್ಮ ಇಳಿದು ಜಾಲರಿಯ ಮುಂದೆ ಕೈ ಹಿಡಿದಳು. ಬಿಸಿಗಾಳಿ ಅಂಗೈಗೆ ರಪ್ಪನೆ ಬಂತು.

ರಸ್ತೆಯ ಆಚೆಗೇ ಬೈರಪ್ಪನ ಆಟೋ ಎಲೆಕ್ಟ್ರಿಕಲ್ ಅಂಗಡಿ. ಬೈರಪ್ಪ ಸ್ಕ್ರೂಡ್ರೈವರ್ ಹಿಡಿದು ಉತ್ಸಾಹದಿಂದಲೇ ಬಂದ, ಬಗ್ಗಿದ, ಫ್ಯಾನು ಉಲ್ಟಾ ತಿರುಗುತ್ತಿರುವುದನ್ನು ಕಂಡ. ಆಮೇಲೆ ಇದು ಯಾರ ಕೆಲಸ ಎಂದು ಕೇಳಿದ. ಸಂಗಮೇಶ ಹೆಸರು ಹೇಳಿದ್ದೇ ತಡ, ಬಿಸಿ ತಗುಲಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ಅವ್ರು ಕೈ ಹಾಕಿದ ಗಾಡಿಗೆ ನಾನು ಕೈ ಹಾಕಲ್ಲ ಅಣ್ಣ. ನಾನು ಕೆಲ್ಸ ಕಲ್ತಿದ್ದೇ ಅವ್ರತ್ರ. ಅವ್ರನ್ನೇ ಕರ್ಕೊಂಡ್ಬನ್ನಿ."

ಇದು ಆ ರಸ್ತೆಯ ಮೆಕ್ಯಾನಿಕ್ಕುಗಳ ಕಟ್ಟಳೆ. ಒಬ್ಬನ ಕೆಲಸವನ್ನು ಇನ್ನೊಬ್ಬ ಬಿಚ್ಚಬಾರದು. ಬಿಚ್ಚಿದರೆ ಮೊದಲಿನವನ ಮುಖಕ್ಕೆ ಮಸಿ ಬಳಿದಂತೆ. ಗಾಡಿ ಸುಟ್ಟು ಹೋದರೂ ಚಿಂತೆಯಿಲ್ಲ, ಗಂಡಸಿನ ಮುಖ ಬೆಳ್ಳಗಿರಬೇಕು.

ಸಂಗಮೇಶ ಗ್ಯಾರೇಜಿನ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಬಂದ. ನರಸಿಂಹಯ್ಯ ಯಾವುದೋ ಲಾರಿ ತರಲು ನೆಲಮಂಗಲಕ್ಕೆ ಹೋಗಿದ್ದಾನಂತೆ, ಬಂದ ಕೂಡಲೇ ಕಳಿಸುತ್ತಾರಂತೆ. ಅಲ್ಲಿಯ ತನಕ ಏನು ಮಾಡುವುದೆಂದು ಶರಣಮ್ಮ ಕೇಳಿದಳು. ಕಾಯುವುದು ಎಂದ. ಫ್ಯಾನು ಸರಿ ತಿರುಗಬೇಕಾದರೆ ಏನು ಮಾಡಬೇಕೆಂದು ನಿನಗೆ ಗೊತ್ತಿದೆಯೇ ಎಂದು ಕೇಳಿದಳು.

"ಕೆಂಪು ವೈರ್, ಕರಿ ವೈರ್ ಅದಲು ಬದಲು ಮಾಡಿದ್ರ ಆತು," ಎಂದ ಮೆಲ್ಲಗೆ. "ಖರೇ ಅಂದ್ರ ನಿನ್ನೇನ ಗೊತ್ತಾಗಿತ್ತು ನನಗ. ಹತ್ತು ಮಂದ್ಯಾಗ ಅವರಿಗೆ ಹೆಂಗ ಹೇಳಲಿ ಅತ್ತಿಗಿ?"

ಶರಣಮ್ಮನಿಗೆ ಮೈಯೆಲ್ಲ ಉರಿಯಿತು. ನಿನ್ನೆ ನಕ್ಕನಲ್ಲ, ಎಲ್ಲರ ಜೊತೆ ಸೇರಿ ಹಲ್ಲು ಕಿಸಿದನಲ್ಲ, ಗೊತ್ತಿದ್ದೂ ನಕ್ಕಿದ್ದ! ಗೊತ್ತಿಲ್ಲದೆ ನಕ್ಕವರನ್ನಾದರೂ ಕ್ಷಮಿಸಬಹುದು. ಇವನ ಹೊಟ್ಟೆಗೆ ಹಾಕಿದ ರೊಟ್ಟಿಗಳೆಲ್ಲ ನೆನಪಾಗಿ ಅವಳಿಗೆ ತನ್ನ ಕೈಗಳ ಮೇಲೇ ಸಿಟ್ಟು ಬಂತು.

ಅವಳು ಕೀಲಿ ತೆಗೆಯಲು ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ಟಿನೊಳಗೆ ಬಗ್ಗಿದಳು. ಬೇಡ ಅತ್ತಿಗಿ, ಜನ ನೋಡುತ್ತಾರೆ ಎಂದು ಅವನು ಗೋಗರೆದ. ಬೈರಪ್ಪ ತನ್ನ ಅಂಗಡಿಯ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತ. ಅವಳು ಉಗುರಿನಿಂದ ಟೇಪು ಎಬ್ಬಿಸಿ, ಹಲ್ಲಿನಿಂದ ಹರಿದು, ಹೆಣೆದುಕೊಂಡಿದ್ದ ತಂತಿ ಬಿಡಿಸಿದಳು. ಕೆಂಪು ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ಕೆಂಪು. ಒಂದು ಫ್ಯಾನಿನದು ಮುಗಿಸಿ ಇನ್ನೊಂದಕ್ಕೆ ಕೈ ಚಾಚುವಾಗ ಮೊಣಕೈ ರೇಡಿಯೇಟರಿಗೆ ತಾಗಿ ಚುರ್ರೆಂದಿತು. ಕೈ ಹಿಂದಕ್ಕೆಳೆಯದೆ ಅದರ ತಂತಿಯನ್ನೂ ಬದಲಿಸಿದಳು. ಸಂಗಮೇಶ ಕೀಲಿ ತಿರುಗಿಸಿದಾಗ, ಸೊಂಟದಿಂದ ಬಿಚ್ಚಿಕೊಂಡಿದ್ದ ಸೆರಗಿನ ತುದಿ ಹಾರಿ ಹೋಗಿ ಜಾಲರಿಗೆ ಅಂಟಿಕೊಂಡಿತು. ರೇಡಿಯೇಟರ್ ಆರುವ ತನಕ ಕಾದು ನೀರು ಹೊಯ್ದರು. ಮುಂದೆ ದಾಸರಹಳ್ಳಿಯ ಅಷ್ಟು ದೊಡ್ಡ ಲಾರಿ ಸಾಲಿನಲ್ಲಿ ನಿಂತರೂ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಲಿಲ್ಲ.

ಆದರೂ ಕಾರ್ಖಾನೆ ಮುಟ್ಟುವಷ್ಟರಲ್ಲಿ ಸೈರನ್ ಆಗಿಹೋಗಿತ್ತು. ಕೆಲಸಗಾರರು ತಟ್ಟೆ ಹಿಡಿದು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ನಲ್ಲಪ್ಪ ಗೇಟಿನ ಹತ್ತಿರವೇ ಇದ್ದ. ಗಾಡಿ ನಿಲ್ಲುತ್ತಲೂ ಸಂಗಮೇಶ ಹಾರಿ ಇಳಿದು ಅವನ ಬಳಿಗೆ ಹೋದ. ಶರಣಮ್ಮ ಹಿಂದೆ ಹತ್ತಿ ಸಾರಿನ ಹಂಡೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚುತ್ತಿದ್ದಳು. ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಗಾಡಿ ಚೊಲೋನ ಆಗಿತ್ರಿ ಸಾರ್. ನಮ್ಮತ್ತಿಗಿ ತಿಳೀಲಾರದ ವೈರಿಗೆ ಕೈ ಹಚ್ಚಿಬಿಟ್ರು. ಈಗ ನಾ ಎಲ್ಲಾ ಸರಿ ಮಾಡೀನ್ರಿ. ಇನ್ನ ಮ್ಯಾಲೆ ಹಂಗ ಆಗಂಗಿಲ್ಲ."

ನಲ್ಲಪ್ಪನ ಮುಖ ಸಡಿಲವಾಯಿತು. "ಹೆಂಗಸರನ್ನ ಬಾನೆಟ್ ಹತ್ರ ಯಾಕಪ್ಪಾ ಬಿಡ್ತೀಯ? ಹೋಗ್ಲಿ, ಇದೊಂದ್ಸಲ ಬಿಟ್ಟಿದೀನಿ. ನಾಳೆಯಿಂದ ಟೈಮಿಗೆ ಸರಿಯಾಗಿ ಬಾ."

ಅಂದರೆ ಊಟದ ಕೆಲಸ ಉಳಿಯಿತು. ಶರಣಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ನಾಳೆಯೂ ಒಲೆ ಉರಿಯುತ್ತದೆ, ಇಬ್ಬರು ಹೆಂಗಸರಿಗೆ ಕೆಲಸವಿರುತ್ತದೆ. ಅದು ಅವಳಿಗೆ ಚೆನ್ನಾಗಿ ಅರ್ಥವಾಯಿತು. ನಾಳೆ ಈ ಮಾತು ನಾಗಸಂದ್ರಕ್ಕೂ ಹೋಗುತ್ತದೆ, ನರಸಿಂಹಯ್ಯ ಮೀಸೆಯಡಿಯಲ್ಲಿ ನಗುತ್ತಾನೆ ಎಂಬುದೂ ಅರ್ಥವಾಯಿತು. ಸುಟ್ಟ ಮೊಣಕೈ ಚುರುಚುರು ಎನ್ನುತ್ತಿತ್ತು. ಅವಳು ಸೌಟು ಹಿಡಿದೇ ಕೆಳಗಿಳಿದು ಬಂದಳು.

"ಸುಳ್ಳು," ಎಂದಳು. ಕೂಗಿ ಹೇಳಲಿಲ್ಲ, ಆದರೂ ಸಾಲಿನ ಮುಂದಿದ್ದವರು ತಿರುಗಿ ನೋಡಿದರು. "ವೈರ್ ಉಲ್ಟಾ ಹಾಕಿದಾವ ಮೆಕ್ಯಾನಿಕ್. ನಿನ್ನೇನ ಹೇಳಿದೆ, ಯಾರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲ. ಇವತ್ತ ಅದನ್ನ ಸರಿ ಮಾಡಿದಾಕಿ ನಾನು. ಗಾಡಿ ನಂದು, ಅಡಿಗಿ ನಂದು. ಇನ್ನ ಮ್ಯಾಲೆ ಏನ ಹೇಳೂದಿದ್ರೂ ನನಗ ಹೇಳ್ರಿ."

ನಲ್ಲಪ್ಪ ಪೂರ್ತಿ ಕೇಳಿಸಿಕೊಂಡ. ತಲೆಯನ್ನೂ ಆಡಿಸಿದ. ಆಮೇಲೆ ಮುಖ ತಿರುಗಿಸಿ ಸಂಗಮೇಶನನ್ನು ನೋಡಿದ.

"ಏನಪ್ಪಾ, ಹೌದಾ?"

ಸಂಗಮೇಶ ತನ್ನ ಚಪ್ಪಲಿ ನೋಡುತ್ತ ನಿಂತ. ಶರಣಮ್ಮ ಅವನು ಬಾಯಿ ತೆರೆಯಲೆಂದು ಕಾದಳು. ಮತ್ತೆ, ತಾನು ಕಾಯುತ್ತಿರುವುದು ತನಗೇ ಹೊಳೆದು, ಸೌಟನ್ನು ಅವನ ಕೈಗೆ ತುರುಕಿದಳು.

"ಬಡಸು," ಎಂದಳು.

ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು, ಮೇಲೊಂದು ಎಣ್ಣೆಗಾಯಿ ಹಾಕಿಕೊಂಡು, ಕ್ಯಾಬಿನ್ನಿನ ಮೆಟ್ಟಿಲ ಮೇಲೆ ನೆರಳಿಗೆ ಕುಳಿತಳು. ಅಂದಿನ ತನಕ ಮಂದಿ ಉಣ್ಣುವ ಮೊದಲು ಅವಳು ಒಂದು ತುತ್ತೂ ಬಾಯಿಗೆ ಹಾಕಿಕೊಂಡವಳಲ್ಲ. ಹಿಂದೆ ಯಾರೋ ಒಬ್ಬ, ಅಣ್ಣಾ ಸಾರು ಎಂದ. ಇನ್ನೊಬ್ಬನೂ ಎಂದ. ನಲ್ಲಪ್ಪ ಹೌದಾ ಎಂದು ಸಂಗಮೇಶನನ್ನು ಮತ್ತೊಮ್ಮೆ ಕೇಳಿದ. ಶರಣಮ್ಮ ಆ ಕಡೆ ತಿರುಗದೆ ರೊಟ್ಟಿ ಮುರಿದಳು.