ಮೂರನೆಯ ಏರು

ಹರಿನಾರಾಯಣ ಮಾಷ್ಟ್ರು ಮೂವತ್ತೈದು ವರ್ಷಗಳ ನಂತರ ಮತ್ತೆ ಸೈಕಲ್ ಹತ್ತಿದ್ದು ಶೋಕಿಗಲ್ಲ. ಎಡಗಣ್ಣಿಗೆ ಪೊರೆ ಬಂದು ಎದುರಿಗಿದ್ದವರ ಮುಖವೂ ಮಸುಕಾಗಿತ್ತು. ಮಂಗಳೂರಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ರಕ್ತದ ಸಕ್ಕರೆ ಇನ್ನೂರರ ಕೆಳಗೆ ಇಳಿಯದೆ ಆಪರೇಶನ್ ಇಲ್ಲ, ಇಳಿಯುವುದು ತಡವಾದರೆ ಒಳಗಿನ ನರ ಹಾಳಾಗಿ ಆಪರೇಶನ್ ಮಾಡಿಯೂ ಪ್ರಯೋಜನವಿಲ್ಲ. ಬಲಗಣ್ಣೂ ಅದೇ ದಾರಿ ಹಿಡಿದಿದೆ. ಆರು ವಾರದ ಗಡುವು. ಸ್ಕೂಟರ್ ಮೂಲೆಗಿಟ್ಟು ಸೈಕಲ್ ತುಳಿಯಿರಿ. ಓದುವುದು, ಓದಿಸುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಕನ್ನಡ ಮಾಷ್ಟ್ರಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಕಣ್ಣು ಹೋದರೆ ಉಳಿಯುವುದೇನು?

ಒಮ್ಮೆ ಕಲಿತ ಸೈಕಲ್ ಮರೆಯುವುದಿಲ್ಲ ಎನ್ನುವವರು ಐವತ್ತು ದಾಟಿದ ಮೇಲೆ ಹತ್ತಿ ನೋಡಿದವರಲ್ಲ. ಮಾಷ್ಟ್ರು ಮೊದಲ ದಿನವೇ ಬೇಲಿಯೊಳಗೆ ನುಗ್ಗಿ ಮೊಣಕೈ ತರಚಿಕೊಂಡರು. "ಎಂತ ಮಾಷ್ಟ್ರೆ, ಸ್ಕೂಟರ್ ಮಾರಿದ್ರಾ?" ಎಂದು ದಾರಿಯುದ್ದಕ್ಕೂ ಕೇಳಿದರು. ಅದನ್ನೆಲ್ಲ ಅವರು ಸಹಿಸಿಕೊಂಡರು. ಸಹಿಸಲಾಗದ್ದು ಬೇರೆಯೇ ಇತ್ತು.

ಅಗಲ್ಪಾಡಿಯ ಅವರ ಮನೆಯಿಂದ ಶಾಲೆಗೆ ಐದು ಕಿಲೋಮೀಟರು, ನಡುವೆ ಮೂರು ಏರು. ಸ್ಕೂಟರಿನಲ್ಲಾದರೆ ಕೈಯೆತ್ತಿ, ನಕ್ಕು, ದಾಟಿ ಹೋಗಬಹುದಿತ್ತು. ಸೈಕಲ್ಲಾದರೆ ಏರು ಬಂದಲ್ಲಿ ಇಳಿದು, ಏದುಸಿರು ಬಿಡುತ್ತ ತಳ್ಳಬೇಕು. ಮೂರು ಏರಿನ ತುದಿಯಲ್ಲೂ ಒಂದೊಂದು ಮನೆ. ಬೆವರಿಳಿಸಿಕೊಂಡು ಅಂಗಳದೆದುರು ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸುವ ಮನೆ ಆ ಊರಿನಲ್ಲಿಲ್ಲ. ಬೇಡವೆಂದು ಹೋದರೆ ಮನೆಯವರ ಮೇಲೇನೋ ಸಿಟ್ಟು ಎಂದೇ ಲೆಕ್ಕ.

ಮೊದಲ ಏರಿನಲ್ಲಿ ಚೆನ್ನಪ್ಪಣ್ಣ ಗ್ಲಾಸು ಹಿಡಿದು ಗೇಟಿಗೇ ಬಂದರು.

"ನಂಗೆ ಶುಗರ್ ಉಂಟು ಚೆನ್ನಪ್ಪಣ್ಣ."

"ಇದು ಸಕ್ಕರೆ ಅಲ್ಲ ಮಾರಾಯ್ರೆ, ಬೆಲ್ಲ. ಬೆಲ್ಲದಿಂದ ಎಂತದೂ ಆಗುದಿಲ್ಲ."

ಎರಡನೆಯ ಏರಿನಲ್ಲಿ ಅವರ ಹಳೆಯ ವಿದ್ಯಾರ್ಥಿನಿ ಶ್ರೀರಂಜಿನಿ. ಅವಳದ್ದು ಜೇನು ಹಾಕಿದ ಲಿಂಬೆ ಶರಬತ್ತು. "ಪೇಟೆಯ ಜೇನಲ್ಲ ಸರ್, ನಮ್ಮ ಪೆಟ್ಟಿಗೆಯದ್ದೇ. ಶುಗರಿಗೆ ಔಷಧಿ ಅದು!" ಕಲಿಸಿದವರೇ ಕುಡಿಯದಿದ್ದರೆ ಹೇಗೆ? ಕುಡಿದರು.

ಮೂರನೆಯ ಏರಿನಲ್ಲಿ ಎಮಿಲಿಯಾ ಬಾಯಿ. ಎಪ್ಪತ್ತೆಂಟರ ಮುದುಕಿ. ಸೊಸೆ ಜೋಯ್ಸ್ ಬೆಳಗ್ಗೆ ಅಡುಗೆ ಮಾಡಿ, ಬದಿಯಡ್ಕದ ಅಂಗಡಿಗೆ ಕೆಲಸಕ್ಕೆ ಹೋದ ಮೇಲೆ ಒಬ್ಬರೇ. ಸಕ್ಕರೆ ಕಾಯಿಲೆ ಅವರ ಎರಡು ಕಣ್ಣುಗಳನ್ನೂ ತಿಂದು ಎಂಟು ವರ್ಷವಾಗಿತ್ತು. ಸೈಕಲ್ಲಿನ ಸದ್ದು ಕೇಳಿದೊಡನೆ ಜಗಲಿಯ ಕಂಬ ಹಿಡಿದು ಕರೆಯುತ್ತಿದ್ದರು. ಒಳಗಿಂದ ತಡವರಿಸುತ್ತ ಒಂದು ಬಟ್ಟಲು ಪಾಯಸವನ್ನೋ ಬೆಲ್ಲದ ಅವಲಕ್ಕಿಯನ್ನೋ ತಂದು ಕೊಟ್ಟು ಪಕ್ಕದಲ್ಲೇ ಕುಳಿತುಕೊಳ್ಳುತ್ತಿದ್ದರು.

"ನಂಗೆ ತಿನ್ಲಿಕ್ಕೆ ಇಲ್ಲ ಮಾಷ್ಟ್ರೆ. ತಿನ್ನುವವರ ಶಬ್ದ ಆದ್ರೂ ಕೇಳ್ತೇನೆ."

ಅವರೆದುರು ನನಗೂ ಸಕ್ಕರೆ ಉಂಟು ಎನ್ನಲು ಮಾಷ್ಟ್ರ ನಾಲಿಗೆ ಏಳಲೇ ಇಲ್ಲ.

ಐದು ವಾರ ಕಳೆದು ರಕ್ತ ಪರೀಕ್ಷೆಯಾಯಿತು. ಸೈಕಲ್ ಹತ್ತುವ ಮೊದಲು ಇನ್ನೂರ ಎಂಬತ್ತಾರು ಇದ್ದದ್ದು ಈಗ ಮುನ್ನೂರ ಹನ್ನೊಂದು. ಹೆಂಡತಿ ವಸುಮತಿ ಚೀಟಿ ಹಿಡಿದು ಅಡುಗೆಮನೆಯ ನೆಲದಲ್ಲೇ ಕುಸಿದಳು. ಗಂಡನಿಗಿಲ್ಲದ್ದು ತನಗೇಕೆಂದು ಅವಳೂ ಒಂದು ತಿಂಗಳಿನಿಂದ ಸಿಹಿ ಬಿಟ್ಟು ರಾಗಿ ತಿನ್ನುತ್ತಿದ್ದಳು.

"ನಾನು ಎಲ್ಲಿ ತಪ್ಪಿದ್ದು ಹೇಳಿ," ಎಂದಳು. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಮಾಷ್ಟ್ರು ನಾಚಿಕೆಯಿಂದ ಹಿಡಿಯಷ್ಟಾಗಿ, ಮೂರು ಏರಿನ ಕತೆಯನ್ನೂ ಬಾಯಿಬಿಟ್ಟರು.

"ನಾಳೆ ಶನಿವಾರ, ನಾನೂ ಬರ್ತೇನೆ. ಯಾರು ಕುಡಿಸ್ತಾರೆ ನೋಡ್ವ."

ಮರುದಿನ ಅವಳು ಸೆರಗು ಸಿಕ್ಕಿಸಿ ಕ್ಯಾರಿಯರಿನಲ್ಲಿ ಕುಳಿತದ್ದು ನೋಡಿದರೆ ಯುದ್ಧಕ್ಕೆ ಹೊರಟವಳೇ ಸರಿ. ಆದರೆ ಚೆನ್ನಪ್ಪಣ್ಣ, "ಓ, ಅಕ್ಕನೂ ಬಂದ್ರು! ಮೊದಲ ಸಲ!" ಎಂದು ಎರಡು ಗ್ಲಾಸು ತಂದಾಗ ಅವಳ ಯುದ್ಧ ಅಂಗಳದಲ್ಲೇ ಮುಗಿಯಿತು. ತನ್ನದನ್ನು ಕುಡಿದು, ಚೆನ್ನಪ್ಪಣ್ಣ ಆ ಕಡೆ ತಿರುಗಿದಾಗ ಗಂಡನದ್ದನ್ನೂ ಗಟಗಟನೆ ಕುಡಿದಳು. ಶ್ರೀರಂಜಿನಿಯ ಮನೆಯಲ್ಲೂ ಅದೇ ಆಯಿತು. ರಸ್ತೆಗೆ ಬಂದ ಮೇಲೆ, "ಹೇಗೆ ಬೇಡ ಹೇಳುದು ಮಾರಾಯ್ರೆ?" ಎಂದಳು. ಉತ್ತರ ಗೊತ್ತಿದ್ದರೆ ಮಾಷ್ಟ್ರು ಅವಳನ್ನು ಕರೆದುಕೊಂಡೇ ಬರುತ್ತಿರಲಿಲ್ಲ.

ಎಮಿಲಿಯಾ ಬಾಯಿಯ ಮನೆಯಲ್ಲಿ ಆ ದಿನ ಹೆಸರುಬೇಳೆಯ ಪಾಯಸ. ಇಬ್ಬರಿಗೂ ತುಂಬಿ ಕೊಟ್ಟು ಬಾಯಿ ಗೋಡೆಗೊರಗಿ ಕುಳಿತರು. ಕಣ್ಣಿಲ್ಲದವರ ಎದುರು ಯಾರ ಬಟ್ಟಲು ಯಾರು ತಿಂದರೇನು ಎಂದುಕೊಂಡು ವಸುಮತಿ ತನ್ನದನ್ನು ಮುಗಿಸಿದಳು. ಸದ್ದಿಲ್ಲದೆ ಗಂಡನ ಬಟ್ಟಲನ್ನು ಎಳೆದುಕೊಂಡು ಅದನ್ನೂ ಮುಗಿಸಿದಳು. ಬಾಯಿ ಕೈ ಚಾಚಿ, ಮಾಷ್ಟ್ರ ಬಟ್ಟಲು ಹುಡುಕಿ ತೆಗೆದುಕೊಂಡು ಒಳಗೆ ಹೋಗಿ ಮತ್ತೆ ತುಂಬಿ ತಂದರು.

"ಅದು ನೀವು ತಿಂದದ್ದಲ್ಲ ಮಾಷ್ಟ್ರೆ. ನೀವು ತಿನ್ನುವ ಶಬ್ದ ನಂಗೆ ಗೊತ್ತುಂಟು."

ವಸುಮತಿ ತಲೆ ತಗ್ಗಿಸಿದಳು. ಬಾಯಿಯ ಸ್ವರ ಸಣ್ಣದಾಯಿತು.

"ಯಾಕೆ? ನಿಮಗೂ ಬಂತಾ?"

ಹೌದು ಎನ್ನುವುದು ಒಂದೇ ಮಾತು. ಹೇಳಿದ್ದರೆ ಈ ಏರು ಅಂದಿಗೇ ಮುಗಿಯುತ್ತಿತ್ತು. ಆದರೆ ಐದು ವಾರ ದಿನವೂ ತನ್ನ ಕೈಯಾರೆ ಏನನ್ನು ಉಣಿಸಿದೆನೆಂದು ಆ ಮುದುಕಿಗೆ ಗೊತ್ತಾಗುತ್ತಿತ್ತು. ಮಾಷ್ಟ್ರು ಹೆಂಡತಿಯ ಕಡೆ ನೋಡಿದರು. ಹೇಳಿ ಎಂದೂ ಅವಳು ಸನ್ನೆ ಮಾಡಲಿಲ್ಲ, ಬೇಡ ಎಂದೂ ಮಾಡಲಿಲ್ಲ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಇಲ್ಲ ಬಾಯಿ," ಎಂದರು ಮಾಷ್ಟ್ರು. "ನಂಗೆಂತದೂ ಇಲ್ಲ."

ಬಟ್ಟಲು ಎತ್ತಿಕೊಂಡು, ಅವರಿಗೆ ಕೇಳುವ ಹಾಗೆ ತಿನ್ನತೊಡಗಿದರು.