ಎಡಗಾಲಿನ ಭಾರ

ಬಸ್ಸಿನಿಂದ ಇಳಿಯುವಾಗ ಮೆಟ್ಟಿಲು ತಪ್ಪಿ, ಮೈಭಾರವೆಲ್ಲ ಮಡಚಿದ ಎಡಪಾದದ ಮೇಲೆ ಬಿದ್ದು ಇಪ್ಪತ್ತು ದಿನವಾಗಿತ್ತು. ಬರೀ ಉಳುಕು ಎಂದು ಗೇರಕ್ಕ ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ಗೇರಕ್ಕ ಎಂಬುದು ಹದಿನಾಲ್ಕು ವರ್ಷ ಬಸ್ಸಿನ ಗೇರು ಹಾಕಿ ಓಡಿಸಿದವಳಿಗೆ ಡಿಪೋದವರು ಇಟ್ಟ ಹೆಸರು. ಆದರೆ ಅಂಗಾಲಿನ ನಡುವೆ ಕಂದಿದ ನೀಲಿ ಹೋಗಲೊಲ್ಲದು. ಕ್ಲಚ್ ತುಳಿಯುವ ಕಾಲೇ ಕೈಕೊಟ್ಟರೆ ಇನ್ನು ಟಿಕೆಟ್ ಕೌಂಟರೇ ಗತಿ. ಆ ಯೋಚನೆಗೇ ಅವಳ ಮೈಯೆಲ್ಲ ಉರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಡಗಾಲಿನ ಮೇಲೆ ಭಾರ ಹಾಕಿಸಿ, ನಿಲ್ಲಿಸಿ ಇನ್ನೊಂದು ತೆಗೆಯಿರಿ ಎಂದರು ಮೂಳೆ ಡಾಕ್ಟರಮ್ಮ. ಗೇರಕ್ಕ ಹಲ್ಲು ಕಚ್ಚಿ ನಿಂತಳು, ಭಾರವನ್ನೆಲ್ಲ ಬಲಗಾಲಿಗೆ ದಾಟಿಸಿ.

ಎಕ್ಸ್‌ರೇಯವನು ಹಳೇ ಹುಲಿ. ತೂಕದ ಯಂತ್ರ ತಂದು ಅವಳ ಎಡಪಾದದಡಿ ಇಟ್ಟ.

"ಒಂಬತ್ತು ಕೆಜಿ. ಮಿಕ್ಕ ಅಕ್ಕ ಎಲ್ಲಿ ಹೋದ್ರು?"

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. "ಸರಿ ಇದೆ ಅಂತ ಬಂದ್ಬಿಡ್ಲಿ ಅಣ್ಣಾ. ನಾಳೆ ಡ್ಯೂಟಿಗೆ ಹೋಗ್ಬೇಕು."

"ನಿಮ್ಮ ಹಿಂದೆ ನಲವತ್ತು ಜನ ಕೂತಿರ್ತಾರಲ್ಲಕ್ಕಾ."

ಅವಳು ಕಣ್ಣುಮುಚ್ಚಿ ಎಡಗಾಲನ್ನು ಊರಿದಳು. ನೋವು ನೆತ್ತಿಗೇರಿತು. ಚಿತ್ರದಲ್ಲಿ ಹೆಬ್ಬೆರಳಿನ ಸಾಲಿನ ಎಲುಬಿಗೂ ಪಕ್ಕದ ಸಾಲಿನದಕ್ಕೂ ನಡುವೆ ಸಂದು ಬಾಯಿಬಿಟ್ಟಿತ್ತು.

"ಕೀಲು ಜಾರಿದೆ, ಒಳಗೆ ಎಲುಬೂ ಚೂರಾಗಿದೆ," ಎಂದರು ಡಾಕ್ಟರಮ್ಮ. "ಪ್ಲೇಟು, ಸ್ಕ್ರೂ ಹಾಕಿ ಎಲುಬು ಬೆಸೀಬೇಕು. ಆಮೇಲೆ ಅಲ್ಲಿ ಪಾದ ಬಗ್ಗಲ್ಲ, ಆದ್ರೆ ಭಾರ ಹೊರುತ್ತೆ."

"ಕ್ಲಚ್ಚು?"

"ಖಾತ್ರಿ ಕೊಡಲ್ಲ. ಎರಡು ತಿಂಗಳು ಈ ಕಾಲು ನೆಲ ಮುಟ್ಟಬಾರ್ದು. ಅದು ನಿಮ್ಮ ಕೆಲಸ."

"ಯಾವತ್ತು ಮಾಡ್ತೀರಿ?" ಎಂದಳು ಗೇರಕ್ಕ.

ಆಪರೇಷನ್ ಆಯಿತು. ಒಂದು ಪ್ಲೇಟು, ಐದು ಸ್ಕ್ರೂ. ಬಸ್ಸಿನ ಬಂಪರಿಗೂ ಇಷ್ಟಿಲ್ಲ ಎಂದು ಗಂಡನಿಗೆ ಚಿತ್ರ ತೋರಿಸಿದಳು. ಅವನು ಮನೆಗೆ ಎತ್ತಿಕೊಂಡು ಹೋಗುತ್ತೇನೆಂದರೆ, "ನಿಮ್ಮ ಸೊಂಟಕ್ಕೂ ಸ್ಕ್ರೂ ಹಾಕಿಸ್ಬೇಕಾ?" ಎಂದು ಗದರಿ, ಮೂರು ಮಹಡಿಯನ್ನು ಮೆಟ್ಟಿಲ ಮೇಲೆ ಕೂತುಕೊಂಡೇ ಹಿಮ್ಮುಖವಾಗಿ ಹತ್ತಿದಳು. ಎರಡು ತಿಂಗಳು ಒಮ್ಮೆಯೂ ಎಡಗಾಲನ್ನು ನೆಲಕ್ಕೆ ತಾಗಿಸಲಿಲ್ಲ. ಆಮೇಲೆ ನಡೆಯುವುದನ್ನು ಹೆಜ್ಜೆ ಹೆಜ್ಜೆಯಾಗಿ ಹೊಸದಾಗಿ ಕಲಿತಳು.

ಆರನೇ ತಿಂಗಳಲ್ಲಿ ಡಿಪೋ ಇನ್ಸ್‌ಪೆಕ್ಟರ್ ಅವಳನ್ನು ಪರೀಕ್ಷೆಗೆ ಕರೆದರು. ಕಡಿದಾದ ಏರಿನ ನಡುವೆ ಬಸ್ ನಿಲ್ಲಿಸಿ, ಮತ್ತೆ ಹೊರಡಿಸಿ ಎಂದರು. ಗೇರಕ್ಕ ಬೆವರುತ್ತ ಕ್ಲಚ್ಚನ್ನು ಅರ್ಧಕ್ಕೆ ಹಿಡಿದು, ಮೆಲ್ಲಗೆ ಬಿಟ್ಟಳು. ಬಸ್ಸು ಗುಡುಗುಡು ಎನ್ನುತ್ತ ಮೇಲೇರಿತು.

"ನೋವಿದೆಯೇನಮ್ಮಾ?"

"ಇದೆ ಸಾರ್. ಬಸ್ಸು ಒಂದಿಂಚು ಹಿಂದಕ್ಕೆ ಹೋಯ್ತಾ?"

ಇನ್ಸ್‌ಪೆಕ್ಟರ್ ಮರುದಿನ ಬೆಳಗಿನ ಪಾಳಿಗೆ ಅವಳ ಹೆಸರು ಬರೆದುಕೊಂಡರು.